ಓರೆಗಾನ್ ಬೀಚಿನಲ್ಲಿ ಮಗಳ ವಿಜ್ಞಾನ ತರಗತಿ

ಮಗಳ ಹೈಸ್ಕೂಲಿನವರು ಬೀಚ್ ಪ್ರವಾಸದ ತಾರೀಖು ಗೊತ್ತುಮಾಡಿದ್ದು ಉಬ್ಬರ ಇಳಿತದ ಪಟ್ಟಿ ನೋಡಿ. ಅಮೆರಿಕದ ಓರೆಗಾನ್ ಕರಾವಳಿಯಲ್ಲಿ ದಿನಕ್ಕೆ ಎರಡು ಇಳಿತ, ಆದರೆ ಎರಡೂ ಒಂದೇ ಸಮ ಇರೋದಿಲ್ಲ. ಬೇಸಿಗೆಯಲ್ಲಿ ದೊಡ್ಡ ಇಳಿತ ಬರುವುದು ಬೆಳಗಿನ ಹೊತ್ತು. ಹಾಗಾಗಿ ಬೆಳಕು ಹರಿಯುವ ಮೊದಲೇ ಬಸ್ ಹೊರಟಿತು. ಮಕ್ಕಳ ಮೇಲೆ ಕಣ್ಣಿಡಲು ಹೋದ ಪೋಷಕರಲ್ಲಿ ನಾನೂ ಒಬ್ಬಳು.

ಹೋದದ್ದು ನ್ಯೂಪೋರ್ಟ್ ಊರಿನ ಪಕ್ಕದ ಯಾಕ್ವಿನಾ ಹೆಡ್‌ಗೆ. 1873ರಿಂದ ಉರಿಯುತ್ತಿರುವ ದೀಪಸ್ತಂಭವೊಂದು ಅಲ್ಲಿದೆ. ಬೀಚ್ ಅಂದ್ರೆ ಮರಳು ಅಲ್ವಾ? ಇಲ್ಲಿ ಕಾಲಡಿಗೆಲ್ಲ ಲಾವಾ ಆರಿ ಆದ ಕಪ್ಪು ಬಸಾಲ್ಟಿನ ಉರುಟು ಕಲ್ಲುಗಳು. ಅಲೆ ಹಿಂದೆ ಸರಿದಾಗಲೆಲ್ಲ ಗಡಗಡ ಉರುಳುತ್ತವೆ. ಜೂನ್ ತಿಂಗಳಾದರೂ ನೀರಿಗೆ ಕೈ ಹಾಕಿದರೆ ಜುಮ್ ಅನ್ನುತ್ತದೆ. ಬೇಸಿಗೆಯ ಉತ್ತರ ಗಾಳಿ ಮೇಲಿನ ನೀರನ್ನು ದಡದಿಂದ ದೂರ ತಳ್ಳುತ್ತದೆ, ಆ ಜಾಗಕ್ಕೆ ಆಳದ ತಣ್ಣೀರು ಮೇಲೆದ್ದು ಬರುತ್ತದೆ. ಇಲ್ಲಿ ಜೀವಿಗಳು ಇಷ್ಟು ಕಿಕ್ಕಿರಿದಿರುವುದಕ್ಕೂ ಆ ನೀರು ತರುವ ಪೋಷಕಾಂಶಗಳೇ ಕಾರಣ.

ಟೀಚರ್ ಹೇಳಿದ್ದು ಕೆಲವೇ ಮಾತು. ಕಡಲಿಗೆ ಬೆನ್ನು ಹಾಕಬೇಡಿ. ಬರಿ ಕಲ್ಲಿದ್ದ ಕಡೆ ಮಾತ್ರ ಕಾಲಿಡಿ. ಒಂದು ಚಿಪ್ಪನ್ನೂ ಜೇಬಿಗೆ ಹಾಕುವಂತಿಲ್ಲ. ಆಮೇಲೆ ಪಾಠವೇನೂ ಇಲ್ಲ, ಸುಮ್ನೆ ಎಣಿಸೋದು! ಬಂಡೆಯ ಮೇಲೆ ಪೈಪಿನ ಚೌಕ ಇಡುತ್ತಾರೆ. ಅದಕ್ಕೆ ಅಡ್ಡ ಉದ್ದ ದಾರ ಕಟ್ಟಿರುತ್ತದೆ. ನಕ್ಷತ್ರಮೀನನ್ನು ಒಂದೊಂದಾಗಿ ಎಣಿಸಬಹುದು. ಆದರೆ ಬಂಡೆಗೆ ಒತ್ತೊತ್ತಾಗಿ ಅಂಟಿದ ಬಾರ್ನಕಲ್ ಎಂಬ ಪುಟ್ಟ ಗಟ್ಟಿ ಚಿಪ್ಪಿನ ಜೀವಿಗಳನ್ನು ಎಣಿಸೋದು ಹೇಗೆ? ದಾರ ದಾರ ಸೇರುವ ಪ್ರತಿ ಬಿಂದುವಿನ ಕೆಳಗೆ ಏನಿದೆ ಅಂತ ಬರೆದುಕೊಳ್ಳಬೇಕು, ಅಷ್ಟೇ. ಎಷ್ಟು ಪಾಲು ಬಂಡೆ ಯಾರ ಕೈಲಿದೆ ಅನ್ನುವುದು ಅದರಿಂದ ಗೊತ್ತಾಗುತ್ತದೆ. ಮಗಳು ಮಂಡಿಯೂರಿ ಕೂತು "ಮಸಲ್, ಮಸಲ್, ಖಾಲಿ, ಬಾರ್ನಕಲ್" ಅಂತ ಕೂಗುತ್ತಿದ್ದಳು, ಗೆಳತಿ ಗೀಟು ಹಾಕುತ್ತಿದ್ದಳು. ಮಸಲ್ ಅಂದ್ರೆ ಬಂಡೆಗೆ ಕಚ್ಚಿಕೊಂಡಿರುವ ಎರಡು ಚಿಪ್ಪಿನ ಜೀವಿ. ನೋಡೋಕೆ ಬೇಜಾರಿನ ಕೆಲಸ. ನಾನೂ ಬಗ್ಗಿ ನೋಡಿದೆ, ಆಮೇಲೆ ಏಳೋಕೆ ಮನಸ್ಸೇ ಬರಲಿಲ್ಲ.

ಒಂದು ಸಂದಿಯಲ್ಲಿ ನೇರಳೆ ಬಣ್ಣದ ನಕ್ಷತ್ರಮೀನು ಮಸಲ್ ಚಿಪ್ಪಿನ ಮೇಲೆ ಗೂನು ಬೆನ್ನು ಮಾಡಿ ಕೂತಿತ್ತು. ಅದರ ಊಟದ ರೀತಿ ವಿಚಿತ್ರ. ತೋಳುಗಳಿಂದ ಚಿಪ್ಪನ್ನು ಎಳೆದು ಸಣ್ಣ ಸಂದು ಮಾಡುತ್ತದೆ, ತನ್ನ ಹೊಟ್ಟೆಯನ್ನೇ ಹೊರಕ್ಕೆ ತೆಗೆದು ಒಳಗೆ ತೂರಿಸುತ್ತದೆ, ಅಲ್ಲೇ ಅರಗಿಸಿಕೊಳ್ಳುತ್ತದೆ. ಪಕ್ಕದ ವಾಷಿಂಗ್ಟನ್ ರಾಜ್ಯದ ತೀರದಲ್ಲಿ ರಾಬರ್ಟ್ ಪೇಯ್ನ್ ಎಂಬ ವಿಜ್ಞಾನಿ 1963ರಿಂದ ಒಂದು ಬಂಡೆಯ ಮೇಲಿನ ಇದೇ ಜಾತಿಯ ನಕ್ಷತ್ರಮೀನುಗಳನ್ನು ಕಿತ್ತು ಕಡಲಿಗೆ ಎಸೆಯುತ್ತಾ ಬಂದರು. ತಿನ್ನುವವರಿಲ್ಲದ ಮಸಲ್‌ಗಳು ಬಂಡೆಯನ್ನು ಆಕ್ರಮಿಸಿದವು. 15 ಜಾತಿಯ ಜೀವಿಗಳಿದ್ದ ಕಡೆ 8 ಉಳಿದವು.

2013ರಿಂದ ಈ ಕರಾವಳಿಯ ನಕ್ಷತ್ರಮೀನುಗಳು ರೋಗ ಬಂದು ಕರಗಿ ಸಾಯತೊಡಗಿದವು. ತೋಳುಗಳೇ ಕಳಚಿ ಬೀಳುತ್ತಿದ್ದವಂತೆ. ಇದರ ಹಿಂದೆ ವಿಬ್ರಿಯೋ ಎಂಬ ಗುಂಪಿನ ಒಂದು ಬ್ಯಾಕ್ಟೀರಿಯಾ ಇದೆ ಎಂದು ವಿಜ್ಞಾನಿಗಳು ಹೇಳಿದ್ದು 2025ರಲ್ಲಿ. ಹಾಗಾಗಿ ಚೌಕದೊಳಗೆ ಬೆರಳುಗುರಿನಷ್ಟು ಮರಿ ಕಂಡರೂ ಹುಡುಗರು ಕೂಗಿ ಟೀಚರನ್ನು ಕರೆಯುತ್ತಿದ್ದರು.

ನೀರು ಏರತೊಡಗಿದ ಕೂಡಲೇ ಸೀಟಿ ಊದಿದರು. ಬಸ್ಸಿನಲ್ಲಿ ಜಗಳ ಶುರು. ಒಂದೇ ಚೌಕವನ್ನು ಎರಡು ಗುಂಪು ಎಣಿಸಿತ್ತು, ಲೆಕ್ಕ ಮಾತ್ರ ಬೇರೆ ಬೇರೆ. ಯಾರದ್ದು ಸರಿ ಅಂತ ಟೀಚರನ್ನೇ ಕೇಳಿದರು. ಅವರು "ಎರಡನ್ನೂ ಬರೀರಿ, ಯಾಕೆ ತಾಳೆ ಆಗಲಿಲ್ಲ ಅಂತಾನೂ ಬರೀರಿ" ಅಂದು ಕಿಟಕಿಗೆ ಒರಗಿ ನಿದ್ದೆ ಹೋದರು.