ಸಲಾಮಿ ಗಾರ್ಡ್: ಕೈಕೊಡುವುದು ಬ್ಲ್ಯಾಂಕ್, ಆಮೇಲೆ ಮಂಡಿ

2019ರ ಆಗಸ್ಟ್‌ನಲ್ಲಿ ಬಿಹಾರದ ಮಾಜಿ ಮುಖ್ಯಮಂತ್ರಿ ಜಗನ್ನಾಥ ಮಿಶ್ರಾ ಅವರ ಅಂತ್ಯಕ್ರಿಯೆಯಲ್ಲಿ ಪೊಲೀಸರ ಒಂದು ರೈಫಲ್ಲೂ ಸಿಡಿಯಲಿಲ್ಲ. ವಿಡಿಯೊ ನೋಡಿದವರಿಗೆ ನಗು. ಫೌಜಿನಲ್ಲಾಗಲಿ ಪೊಲೀಸಿನಲ್ಲಾಗಲಿ, ಅಂತ್ಯಕ್ರಿಯೆಗೆ ಗೌರವ ಸಲ್ಲಿಸುವ ಸಲಾಮಿ ಗಾರ್ಡ್‌ನಲ್ಲಿ ನಿಂತವರಿಗೆ ಮಾತ್ರ ಹೊಟ್ಟೆಯಲ್ಲಿ ಕಲಸಿದಂತಾಗುತ್ತದೆ. ಇಸ್ತ್ರಿಗೆ, ಪಾಲಿಶ್‌ಗೆ, ಮೀಸೆಗೆ ಕೊಡುವ ಸಮಯದ ಕಾಲುಭಾಗವೂ ಇಲ್ಲಿ ಬ್ಲ್ಯಾಂಕ್‌ಗೆ, ಅಂದರೆ ಸದ್ದಿಗಷ್ಟೇ ಸಿಡಿಸುವ ತೋಟಾಕ್ಕೆ, ಸಿಗುವುದಿಲ್ಲ.

ಬ್ಲ್ಯಾಂಕ್‌ನಲ್ಲಿ ಗುಂಡಿಲ್ಲ. ತಡೆಯುವುದು ಏನೂ ಇಲ್ಲದ್ದರಿಂದ ಗ್ಯಾಸಿನ ಒತ್ತಡ ಕಟ್ಟಿಕೊಳ್ಳದೆ ಬ್ಯಾರಲ್ ಬಾಯಿಂದ ಹೊರಟುಹೋಗುತ್ತದೆ. ಹಾಗಾಗಿ ಆ ಬಾಯಿಗೆ ಗ್ಯಾಸ್ ತಡೆಯುವ ಅಟ್ಯಾಚ್‌ಮೆಂಟ್ ಹಾಕದ ಆಟೊಮ್ಯಾಟಿಕ್ ರೈಫಲ್ ತಾನಾಗಿ ರೀಲೋಡ್ ಆಗದು. ಮೂರು ವಾಲಿಗೂ (ಎಲ್ಲರೂ ಒಟ್ಟಿಗೆ ಹಾರಿಸುವ ಸುತ್ತು) ಕೈಯಲ್ಲೇ ಕಾಕ್ ಮಾಡಬೇಕು, ಅಂದರೆ ಹ್ಯಾಂಡಲ್ ಎಳೆದು ಬಿಟ್ಟು ಬ್ಲ್ಯಾಂಕ್ ತುಂಬಬೇಕು. ಎಡವಟ್ಟಾಗುವುದು ಇಲ್ಲೇ. ಶೋಕದ ಜಾಗ, ಸದ್ದು ಬೇಡ ಅಂತ ಜವಾನ ಕಾಕಿಂಗ್ ಹ್ಯಾಂಡಲನ್ನು ಹಿಡಿದುಕೊಂಡೇ ಮೆಲ್ಲಗೆ ಮುಂದಕ್ಕೆ ಬಿಡುತ್ತಾನೆ. ನೋಡಲು ಚೆಂದ. ಆದರೆ ಸ್ಪ್ರಿಂಗ್‌ನ ಪೂರ್ತಿ ಹೊಡೆತ ಸಿಗದೆ, ತೋಟಾವನ್ನು ಹಿಂದಿನಿಂದ ಮುಚ್ಚುವ ಬೋಲ್ಟ್ ಕೂದಲೆಳೆಯಷ್ಟು ತೆರೆದೇ ಉಳಿಯುತ್ತದೆ, ಟ್ರಿಗರ್ ಒತ್ತಿದರೆ ಏನೂ ಇಲ್ಲ. ಹ್ಯಾಂಡಲನ್ನು ಕೊನೆಯವರೆಗೆ ಎಳೆದು ಕೈ ಬಿಟ್ಟುಬಿಡಬೇಕು. ಸದ್ದಾಗಲಿ, ಎಲ್ಲರದ್ದೂ ಒಟ್ಟಿಗೆ ಆದರೆ ಸಾಕು.

ಹಳೇ ಲಾಟ್ (ಒಟ್ಟಿಗೆ ತಯಾರಾದ ಬ್ಲ್ಯಾಂಕ್‌ಗಳ ಕಂತು), ತೇವ, ಫೈರಿಂಗ್ ಪಿನ್ ಸುತ್ತ ಗಟ್ಟಿಯಾದ ಎಣ್ಣೆ, ಸಿಡಿಯದಿರಲು ಇವೂ ಕಾರಣ. ಅದೇ ಲಾಟ್‌ನ ನಾಲ್ಕು ಬ್ಲ್ಯಾಂಕ್ ಹಿಂದಿನ ದಿನ ಹಾರಿಸಿ ನೋಡಿದರೆ ಅರ್ಧ ಚಿಂತೆ ಕಳೆಯಿತು. ಆದರೆ ಇಶ್ಯೂ ಆಗುವುದು ಕಾರ್ಯಕ್ರಮಕ್ಕೆ ಬೇಕಾದಷ್ಟೇ, ಎಣಿಸಿ. ರಿಹರ್ಸಲ್‌ನಲ್ಲಿ ಖಾಲಿ ಕಾಕಿಂಗ್, ಬಾಯಲ್ಲೇ ಫೈರ್. ಮರುದಿನ ಸಿಡಿಯದಿದ್ದರೆ ಬೈಗುಳ ಡ್ರಿಲ್ ಕಲಿಸಿದ ಉಸ್ತಾದನ ಪಾಲಿಗೆ.

ರೈಫಲ್ ಸಿಡಿಯದೆ ಮಿಸ್ ಆದವನು ಬ್ಯಾರಲ್ ಇಳಿಸಬಾರದು, ಬಗ್ಗಿ ನೋಡಬಾರದು. ತಡವಾಗಿ ಸಿಡಿಯುವುದೂ ಉಂಟು. ಮುಂದಿನ ಆರ್ಡರ್‌ಗೆ ಎಲ್ಲರ ಜೊತೆ ಕಾಕ್ ಮಾಡಿದರೆ ಸಿಡಿಯದ ಬ್ಲ್ಯಾಂಕ್ ಹೊರಗೆ ಬೀಳುತ್ತದೆ, ಜನರಿಗೆ ಗೊತ್ತೂ ಆಗುವುದಿಲ್ಲ.

ಇನ್ನು ಜವಾನ ತಲೆತಿರುಗಿ ಬೀಳುವ ವಿಷಯ. ಅಲುಗಾಡದೆ ನಿಂತರೆ ರಕ್ತ ಕಾಲಿಗಿಳಿದು ಅಲ್ಲೇ ನಿಲ್ಲುತ್ತದೆ. ಅದನ್ನು ಮೇಲಕ್ಕೆ ತಳ್ಳುವುದು ಮೀನಖಂಡ. ಮಂಡಿಯನ್ನು ಹಿಂದಕ್ಕೆ ಸೆಟೆಸಿ ನಿಂತವನ ಮೀನಖಂಡ ಕೆಲಸ ನಿಲ್ಲಿಸುತ್ತದೆ. ಸಾವಧಾನ್‌ನಲ್ಲೂ (ಅಟೆನ್ಶನ್) ಮಂಡಿ ಚೂರು ಸಡಿಲ ಇರಲಿ; ಬೂಟಿನೊಳಗೆ ಬೆರಳು ಒತ್ತಿ ಬಿಡುತ್ತಿರಬೇಕು, ಮೀನಖಂಡ ಬಿಗಿದು ಸಡಿಲಿಸುತ್ತಿರಬೇಕು. ಹೊರಗಿನವರಿಗೆ ಕಾಣುವುದಿಲ್ಲ. ಮೂತ್ರದ ಭಯಕ್ಕೆ ಬೆಳಗ್ಗಿನಿಂದ ನೀರು ಬಿಟ್ಟವನು, ರಾತ್ರಿಯಿಡೀ ಬೂಟು ಉಜ್ಜಿ ನಿದ್ದೆಗೆಟ್ಟವನು ಮೊದಲು ಉರುಳುತ್ತಾನೆ. ಮೇಲಿಂದ ಮೇಲೆ ಆಕಳಿಕೆ, ತಣ್ಣನೆ ಬೆವರು, ಕಿವಿಯಲ್ಲಿ ಗುಂಯ್, ಕಣ್ಣಂಚು ಕಪ್ಪಾಗುವುದು: ಇಷ್ಟಾದರೆ ಉಳಿದಿರುವುದು ಕೆಲವೇ ಸೆಕೆಂಡು. ಆಗ ಮರ್ಯಾದೆ ನೋಡದೆ ಮಂಡಿಯೂರಿ ಕೂರಬೇಕು. ಬಾಯೊನೆಟ್ ಹಾಕಿದ ರೈಫಲ್ ಹಿಡಿದು ಮರದ ಹಾಗೆ ಬಿದ್ದರೆ ಗಾಯ ಪಕ್ಕದವನಿಗೂ ಆಗುತ್ತದೆ. ಬಿದ್ದವನನ್ನು ತಕ್ಷಣ ಎಬ್ಬಿಸಿ ನಿಲ್ಲಿಸುವ ಸಾಹೇಬರಿದ್ದಾರೆ. ಅವನು ಮತ್ತೆ ಬೀಳುತ್ತಾನೆ. ಮಲಗಿಸಿ ಕಾಲು ಎತ್ತಿ ಹಿಡಿಯುವುದೇ ಮದ್ದು.

ಶವಕ್ಕೆ ಹೊದಿಸುವ ಧ್ವಜದ ಲೆಕ್ಕ ಸರಳ. ಕೇಸರಿ ತಲೆಯ ಕಡೆ, ಚಿತೆ ಅಥವಾ ಗೋರಿಗೆ ಮುಂಚೆ ತೆಗೆಯಬೇಕು. ಮಡಚುವಾಗ ಕೇಸರಿ, ಹಸಿರು ಬಿಳಿಯ ಅಡಿಗೆ, ಚಕ್ರ ಮೇಲೆ. ಬೆಡ್‌ಶೀಟಿನಲ್ಲಿ ಅಭ್ಯಾಸ ಮಾಡಿದವರ ಕೈ ಅಸಲಿ ಧ್ವಜ ಗಾಳಿಗೆ ಎದ್ದಾಗ ತಡಬಡಾಯಿಸುತ್ತದೆ, ಆದ್ದರಿಂದ ಬಯಲಲ್ಲೇ ಕಲಿಸಬೇಕು.

ಎಲ್ಲ ಮುಗಿದ ಮೇಲೆ ಖೋಖಾ (ಸಿಡಿದ ತೋಟಾದ ಖಾಲಿ ಕೊಳವೆ) ಲೆಕ್ಕ. ಸಿಡಿಯದ ಬ್ಲ್ಯಾಂಕ್ ಬೇರೆ, ಖಾಲಿ ಬೇರೆ. ಹುಲ್ಲಲ್ಲಿ ಒಂದು ಕಳೆದರೂ ಕೋತ್‌ನವರು (ಶಸ್ತ್ರಾಗಾರದವರು) ರಸೀದಿ ಕೊಡುವುದಿಲ್ಲ. ಫಾಲ್ ಇನ್ ಆಗುವ ಮೊದಲೇ ಕಾಲಡಿಯ ಜಾಗಕ್ಕೆ ತಾಡಪಾಲು ಹಾಸಿಸಲು ಕೇಳಿ, ಕೊಟ್ಟರೆ ಕೊಟ್ಟರು.