ನಾಶ ಮಾಡಿಲ್ಲ, ಮುಚ್ಚಿದ್ದಾರೆ ಅಷ್ಟೇ

"ನಾಶ ಮಾಡಿಲ್ಲ ಅತ್ತೆ, ಮುಚ್ಚಿದ್ದಾರೆ ಅಷ್ಟೇ."

ಅಣ್ಣನ ಮಗಳು ಇದನ್ನು ಹೇಳಿದ ಧಾಟಿ ಇನ್ನೂ ಕಿವಿಯಲ್ಲಿದೆ. ಎಷ್ಟು ಸಲೀಸಾಗಿ ಹೇಳಿಬಿಟ್ಟಳು! ನಾನು ಹೋಗಿದ್ದು ಅವಳ ಗ್ರಾಜುಯೇಶನ್ ನೋಡುವುದಕ್ಕೆ. ಗೌನು, ಟೋಪಿ, ಫೋಟೋ ಎಲ್ಲ ಚೆನ್ನಾಗೇ ಆಯಿತು. ಆದರೆ ಈ ವಾರವಿಡೀ ತಲೆಯಲ್ಲಿ ಕೂತಿರುವುದು ಆ ಸಂಭ್ರಮ ಅಲ್ಲ, ಒಂದು ಗೋಡೆ.

ಅವಳು ಓದಿದ ವರ್ಮಾಂಟ್ ಲಾ ಸ್ಕೂಲ್ ಇರುವುದು ಅಮೆರಿಕದ ವರ್ಮಾಂಟ್ ರಾಜ್ಯದ ಸೌತ್ ರಾಯಲ್ಟನ್ ಎಂಬ ಹಳ್ಳಿಯಲ್ಲಿ. ಹಳ್ಳಿ ಅಂದರೆ ನಿಜಕ್ಕೂ ಹಳ್ಳಿಯೇ. ವೈಟ್ ರಿವರ್ ಎಂಬ ನದಿ, ರೈಲು ಹಳಿ, ನಡುವೆ ಹುಲ್ಲಿನ ಮೈದಾನ, ಸುತ್ತ ಗುಡ್ಡ. 1972ರಲ್ಲಿ ಶುರುವಾದ ಖಾಸಗಿ ಸಂಸ್ಥೆ. ಇಡೀ ರಾಜ್ಯಕ್ಕೆ ಇರುವುದು ಇದೊಂದೇ ಲಾ ಕಾಲೇಜು. 2022ರಲ್ಲಿ ಹೆಸರು ವರ್ಮಾಂಟ್ ಲಾ ಅಂಡ್ ಗ್ರಾಜುಯೇಟ್ ಸ್ಕೂಲ್ ಅಂತ ಉದ್ದವಾಯಿತು. ಅಮೆರಿಕದಲ್ಲಿ ಪರಿಸರ ಕಾನೂನು ಓದಬೇಕು ಅನ್ನುವವರಿಗೆ ಮೊದಲು ನೆನಪಾಗುವ ಹೆಸರುಗಳಲ್ಲಿ ಇದೂ ಒಂದು. ಓಕ್ಸ್ ಹಾಲ್ ಎಂಬ ಕಟ್ಟಡದ ಶೌಚಾಲಯ ಕೂಡ ಗೊಬ್ಬರ ಮಾಡುವಂಥದ್ದು. "ಇಷ್ಟು ಫೀಸ್ ಕಟ್ಟಿದ್ದೀವಿ, ಒಂದು ಫ್ಲಶ್ ಇಲ್ವಾ?" ಅಂದ ನಮ್ಮಣ್ಣ. ಅವನಿಗೆ ಮಗಳು ನ್ಯೂಯಾರ್ಕಿನಲ್ಲಿ ಕಂಪನಿಗಳ ಪರ ವಾದಿಸುವ ಲಾಯರ್ ಆಗಬೇಕಿತ್ತು. ಅವಳು ಇಲ್ಲಿ ಬಂದು, ಕಾಸಿಲ್ಲದವರಿಗೂ ವಲಸಿಗರಿಗೂ ಪುಕ್ಕಟೆ ಕಾನೂನು ನೆರವು ಕೊಡುವ ಕಾಲೇಜಿನ ಕ್ಲಿನಿಕ್ಕಿನಲ್ಲಿ ಕೂತಳು. ಅಣ್ಣನ ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ, ಯಾವುದಾದರೂ ನೆಪದಲ್ಲಿ ಹೊರಗೆ ಬರುತ್ತದೆ.

ಚೇಸ್ ಕಮ್ಯುನಿಟಿ ಸೆಂಟರ್ ಅಂತ ಒಂದು ಕಟ್ಟಡ. ಅಲ್ಲಿಯ ಗೋಡೆ ನೋಡಿ ನಾನು ನಿಂತೆ. ಬಟ್ಟೆ ಹೊದಿಸಿದ ಹಲಗೆಗಳು, ಸದ್ದು ಹೀರುವ ಪ್ಯಾನೆಲ್‌ಗಳು, ಸಾಲಾಗಿ. ಡ್ರಾಯಿಂಗ್ ಟೀಚರ್ ಆಗಿ ರಿಟೈರ್ ಆದವಳು ನಾನು. ಅಷ್ಟು ಉದ್ದದ ಗೋಡೆ ಖಾಲಿ ಕಂಡರೆ ಕೈ ತುರಿಸುತ್ತದೆ. "ಇಲ್ಲಿ ಏನಾದರೂ ಬರೆಸಬಾರದಿತ್ತಾ?" ಅಂದೆ. "ಬರೆಸಿದ್ದಾರೆ, ಇದರ ಹಿಂದೇನೇ ಇದೆ" ಅಂದಳು.

ಕಥೆ ಹೀಗೆ. 1993ರಲ್ಲಿ ಸ್ಯಾಮ್ ಕರ್ಸನ್ ಎಂಬ ಬಿಳಿಯ ಚಿತ್ರಕಾರ ಅಲ್ಲಿ ಎರಡು ದೊಡ್ಡ ಚಿತ್ರ ಬರೆದ. ಒಂದೊಂದೂ 8 ಅಡಿ ಎತ್ತರ, 24 ಅಡಿ ಉದ್ದ. ಒಂದರಲ್ಲಿ ಆಫ್ರಿಕಾದಲ್ಲಿ ಜನರನ್ನು ಹಿಡಿಯುವುದು, ಮಾರುವುದು, ದುಡಿಸುವುದು, ಆ ಜನ ತಿರುಗಿಬೀಳುವುದು. ಇನ್ನೊಂದರಲ್ಲಿ ತಪ್ಪಿಸಿಕೊಂಡು ಬಂದ ಗುಲಾಮರಿಗೆ ವರ್ಮಾಂಟಿನವರು ಆಸರೆ ಕೊಡುವುದು. ಉದ್ದೇಶ ಒಳ್ಳೆಯದೇ. ಆದರೆ ಕಪ್ಪು ಜನರ ಮುಖಗಳನ್ನು ವ್ಯಂಗ್ಯಚಿತ್ರದ ಹಾಗೆ, ಕಣ್ಣು ತುಟಿ ಎಲ್ಲ ದೊಡ್ಡದು ಮಾಡಿ ಬರೆದಿದ್ದಾನೆ ಅಂತ ತಕರಾರು ಎದ್ದಿತು. ಬಿಳಿಯರು ಬರೀ ಉದ್ಧಾರಕರ ಹಾಗೆ ಕಾಣುತ್ತಾರೆ ಅಂತಲೂ. ಪಕ್ಕದಲ್ಲಿ ವಿವರಣೆಯ ಫಲಕ ಹಾಕಿ ನೋಡಿದರು, ಗೊಣಗಾಟ ನಿಲ್ಲಲಿಲ್ಲ. 2020ರಲ್ಲಿ, ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯ ಪೊಲೀಸರ ಕೈಯಲ್ಲಿ ಸತ್ತ ನಂತರ, ಇಬ್ಬರು ವಿದ್ಯಾರ್ಥಿಗಳು ಪತ್ರ ಬರೆದರು. ಕಾಲೇಜು ಚಿತ್ರ ತೆಗೆಯಲು ಹೊರಟಿತು.

ಮೊದಲು ಮೇಲೆ ಬಣ್ಣ ಬಳಿದುಬಿಡೋಣ ಅಂತಿದ್ದರಂತೆ. ನನಗೆ ಉರಿದುಹೋಗಿದ್ದು ಇಲ್ಲಿ. ಬೇರೆ ಯಾರೋ ಆಗಿದ್ದರೆ ಸರಿ, ಲಾ ಸ್ಕೂಲ್ ಅಲ್ವಾ? ಅಮೆರಿಕದಲ್ಲಿ 1990ರಿಂದ ಕಲಾವಿದರ ಹಕ್ಕಿನ ಕಾಯ್ದೆ ಇದೆ. ಒಳ್ಳೆ ಹೆಸರಿರುವ ಕೃತಿಯನ್ನು ಸುಮ್ನೆ ಹಾಳು ಮಾಡುವ ಹಾಗಿಲ್ಲ. ಚಿತ್ರವನ್ನು ಕಳಚಿ ಕೊಡೋಣ ಅಂದರೆ ಅದು ನೇರ ಗೋಡೆಯ ಹಲಗೆಯ ಮೇಲೇ ಬರೆದದ್ದು, ಕಿತ್ತರೆ ಕೆಟ್ಟಿತು. ಕೊನೆಗೆ ಚಿತ್ರಕ್ಕೆ ತಾಗದ ಹಾಗೆ ಚೂರು ಜಾಗ ಬಿಟ್ಟು ಈ ಪ್ಯಾನೆಲ್ ನಿಲ್ಲಿಸಿದರು. ಕರ್ಸನ್ ಕೋರ್ಟಿಗೆ ಹೋದ, ಸೋತ. ಮೇಲ್ಮನವಿ ಹಾಕಿದ. 2023ರ ಆಗಸ್ಟಿನಲ್ಲಿ ಅಲ್ಲೂ ಸೋತ. ಮರೆಮಾಡಿದರೆ ಅದು ನಾಶವೂ ಅಲ್ಲ, ಕೃತಿಯನ್ನು ಬದಲಿಸಿದ ಹಾಗೂ ಅಲ್ಲ ಅಂತ ತೀರ್ಪು.

"ನಾಶ ಮಾಡಿಲ್ಲ ಅತ್ತೆ, ಮುಚ್ಚಿದ್ದಾರೆ ಅಷ್ಟೇ."

ನಾನೂ ಬಿಡಲಿಲ್ಲ. ದಿಲ್ಲಿಯ ವಿಜ್ಞಾನ ಭವನದ ಗೋಡೆಯಿಂದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪ ಕಿತ್ತು ಉಗ್ರಾಣಕ್ಕೆ ತಳ್ಳಿದ್ದರು. 2005ರಲ್ಲಿ ದಿಲ್ಲಿ ಹೈಕೋರ್ಟ್ ಸರ್ಕಾರಕ್ಕೆ 5 ಲಕ್ಷ ರೂಪಾಯಿ ಪರಿಹಾರ ಕೊಡಿ, ಉಳಿದದ್ದನ್ನು ವಾಪಸ್ ಕೊಡಿ ಅಂತ ಹೇಳಿತ್ತು. ಅದನ್ನು ಎತ್ತಿದೆ. ಹುಡುಗಿ ತಯಾರಾಗೇ ಇದ್ದಳು. "ಅಲ್ಲಿ ಕೀಳುವಾಗ ಒಡೆದುಹಾಕಿದ್ದರು. ಇಲ್ಲಿ ಒಂದು ಗೀರೂ ಬಿದ್ದಿಲ್ಲ" ಅಂದಳು. ಅಣ್ಣನ ಫೀಸು ದಂಡ ಆಗಿಲ್ಲ ಅಂತ ಆಗ ಅನಿಸಿತು, ಅವನಿಗೆ ಹೇಳಲಿಲ್ಲ.

ನನಗೆ ಆ ಚಿತ್ರಕಾರನ ಮೇಲೆ ಕನಿಕರ. ಹಠಮಾರಿ ಮನುಷ್ಯ, ನಿಜ. ಆದರೆ ಬರೆದ ಗೋಡೆ ಇನ್ನೊಬ್ಬರದು ಅನ್ನುವ ಕಷ್ಟ ನನಗೆ ಗೊತ್ತು. ಶಾಲೆಯ ಗೋಡೆಗಳಿಗೆ ಮಕ್ಕಳ ಜೊತೆ ಸೇರಿ ಚಿತ್ರ ಬರೆದಿದ್ದೆ. ಹೊಸ ಹೆಡ್‌ಮಾಸ್ಟರ್ ಬಂದಾಗಲೆಲ್ಲ ಸುಣ್ಣ ಬಳಿಸುತ್ತಿದ್ದರು. ನನ್ನನ್ನು ಯಾರೂ ಕೇಳಿದ್ದಿಲ್ಲ. ಹಾಗಾಗಿ ಪತ್ರ ಬರೆದ ಹುಡುಗರ ಬಗ್ಗೆ, "ಇಷ್ಟು ನಾಜೂಕಾದವರು ಕೋರ್ಟಿನಲ್ಲಿ ಏನು ವಾದ ಮಾಡ್ತಾರೆ? ಅವನು ಗುಲಾಮಗಿರಿಯ ವಿರುದ್ಧ ತಾನೇ ಬರೆದಿದ್ದು?" ಅಂತ ಕೇಳಿದೆ.

ಆಗ ಅವಳು ಹೇಳಿದ ಮಾತು ಇದೆಯಲ್ಲ, ಅದು ಮೊದಲಿನದಕ್ಕಿಂತ ಜಾಸ್ತಿ ಕಾಡುತ್ತಿದೆ. "ಅದರ ಕೆಳಗೆ ಕೂತು ಓದಬೇಕಾದವರು ನೀವಲ್ಲವಲ್ಲ ಅತ್ತೆ. ನಾವು ಓದೋ ಪರಿಸರ ಕಾನೂನಿನಲ್ಲಿ ಕಾರ್ಖಾನೆ ಕಟ್ಟಿದವನ ಉದ್ದೇಶ ಏನು ಅಂತ ಕೇಳಲ್ಲ. ಹೊಗೆ ಕುಡಿಯೋರು ಯಾರು ಅಂತ ಕೇಳ್ತೀವಿ."

ಆಮೇಲೆ ನಾರ್ತ್ ಕ್ಯಾರೊಲಿನಾದ ವಾರೆನ್ ಕೌಂಟಿಯ ಕಥೆ ಹೇಳಿದಳು. ಪಿಸಿಬಿ ಎಂಬ ವಿಷ ಬೆರೆತ ಮಣ್ಣನ್ನು ಹೂಳುವುದಕ್ಕೆ ಸರ್ಕಾರ ಆರಿಸಿದ್ದು ಬಡವರು, ಕಪ್ಪು ಜನರು ಜಾಸ್ತಿ ಇದ್ದ ಆ ಜಾಗವನ್ನು. ಏನೂ ಆಗಲ್ಲ, ಸುರಕ್ಷಿತ ಅಂತ ಭರವಸೆ ಬೇರೆ. 1982ರಲ್ಲಿ ಜನ ಮಣ್ಣಿನ ಲಾರಿಗಳ ಮುಂದೆ ರಸ್ತೆಯಲ್ಲೇ ಮಲಗಿದರು, 500ಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ಮಣ್ಣು ಅಲ್ಲೇ ಹೂತರು. ಆದರೆ ವಿಷ, ಹೊಗೆಯ ಹೊರೆಯೆಲ್ಲ ಬಡವರ, ಕಪ್ಪು ಜನರ ತಲೆಗೇ ಕಟ್ಟಬಾರದು ಅನ್ನುವ ಪರಿಸರ ನ್ಯಾಯ ಅಂತ ಇವತ್ತು ಪಾಠ ಮಾಡುತ್ತಾರಲ್ಲ, ಅದರ ಹೋರಾಟ ಹಬ್ಬಿದ್ದೇ ಅಲ್ಲಿಂದ. 1994ರಲ್ಲಿ ಅಧ್ಯಕ್ಷ ಕ್ಲಿಂಟನ್ ಇದಕ್ಕಾಗಿ ಆದೇಶ ಹೊರಡಿಸಿದರು. 2025ರಲ್ಲಿ ಟ್ರಂಪ್ ಅದನ್ನು ರದ್ದು ಮಾಡಿದರು. ಒಂದು ಸಹಿಯಲ್ಲಿ ಬಂದದ್ದು ಇನ್ನೊಂದು ಸಹಿಯಲ್ಲಿ ಹೋಯಿತು. ಅದನ್ನು ಹೇಳುವಾಗ ಮಾತ್ರ ಹುಡುಗಿಯ ದನಿಯಲ್ಲಿ ಆ ಸಲೀಸು ಇರಲಿಲ್ಲ.

ವಿಮಾನದಲ್ಲಿ ಕೂತು ಇದನ್ನೇ ಯೋಚಿಸಿದೆ. ಹೊಗೆಗೂ ಚಿತ್ರಕ್ಕೂ ಒಂದೇ ಲೆಕ್ಕ ಹಾಕುವುದು ನನಗೆ ಇನ್ನೂ ಒಪ್ಪಿಗೆಯಿಲ್ಲ. ಹೊಗೆ ಯಾರಿಗೂ ಬೇಡ. ಚಿತ್ರ ಕೆಲವೊಮ್ಮೆ ಮನಸ್ಸು ಕೆಡಿಸಬೇಕು, ಅದಕ್ಕೇ ಅದನ್ನು ಬರೆಯುವುದು. ಆದರೆ ಯಾರ ಮನಸ್ಸು? ಆ ಗೋಡೆ ನೋಡಿ ಬಿಳಿ ಹುಡುಗನಿಗೆ ತನ್ನ ಊರಿನ ಬಗ್ಗೆ ಹೆಮ್ಮೆ ಆಗಬಹುದು. ಪಕ್ಕದಲ್ಲಿ ಕೂತ ಕಪ್ಪು ಹುಡುಗಿಗೆ ತನ್ನ ಅಜ್ಜಿಯ ಮುಖ ಹಾಗೆ ಕಂಡರೆ? ಗುಲಾಮಗಿರಿ ತಪ್ಪು ಅಂತ ಆ ಚಿತ್ರ ಯಾರಿಗೆ ಹೇಳುತ್ತಿತ್ತು? ಅವಳಿಗಂತೂ ಹೇಳಬೇಕಾಗಿರಲಿಲ್ಲ. ಸುಣ್ಣ ಬಳಿಸಿದ ಹೆಡ್‌ಮಾಸ್ಟರುಗಳನ್ನು ಈಗಲೂ ಕ್ಷಮಿಸಿಲ್ಲ ನಾನು, ಆ ಮಾತು ಬೇರೆ. ಅವರಿಗೆ ಗೋಡೆ ಚೊಕ್ಕವಾಗಿ ಕಂಡರೆ ಸಾಕಿತ್ತು. ಈ ಹುಡುಗರು ಹಾಗಲ್ಲ. ಚಿತ್ರವನ್ನು ನನಗಿಂತ ಗಮನವಿಟ್ಟು ನೋಡಿದ್ದಾರೆ, ಕಣ್ಣು ತುಟಿ ಸಮೇತ.

ಮನೆಗೆ ಬಂದ ಮೇಲೂ ತಡೆಯಲಾರದೆ ಫೋನ್ ಮಾಡಿದೆ. "ಪ್ಯಾನೆಲ್ ಯಾಕೆ? ಒಂದು ಪರದೆ ಹಾಕಬಹುದಿತ್ತಲ್ಲ. ನೋಡಬೇಕು ಅನ್ನೋರು ಸರಿಸಿ ನೋಡ್ತಾರೆ, ಬೇಡ ಅನ್ನೋರು ಬಿಡ್ತಾರೆ" ಅಂದೆ. ಅವಳು ಜೋರಾಗಿ ನಕ್ಕಳು.

"ಅತ್ತೆ, ಪರದೆ ಸರಿಸೋರು ಯಾರು, ಎಷ್ಟು ಹೊತ್ತು ಅಂತ ಇನ್ನೊಂದು ಕೇಸ್ ಆಗುತ್ತೆ. ನಂಗೆ ಮೊದಲು ಬಾರ್ ಎಕ್ಸಾಮ್ ಪಾಸಾಗೋಕೆ ಬಿಡಿ."