ಶಿರಾಡಿ ಮೇಲೆ ಮಂಗಳೂರು: ಪೆಟ್ರೋಲ್ ಎಲ್ಲಿ ಉಳಿಯುತ್ತದೆ, ಎಲ್ಲಿ ಸೋರುತ್ತದೆ

ಬೆಂಗಳೂರಿನಿಂದ ಹಾಸನ, ಸಕಲೇಶಪುರ ದಾಟಿ ಶಿರಾಡಿ ಇಳಿದು ಮಂಗಳೂರು ಮುಟ್ಟುವಾಗ ಸುಮಾರು 350 ಕಿಲೋಮೀಟರ್ ಆಗಿರುತ್ತದೆ. ಆಗ ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಮೈಲೇಜನ್ನು ನಂಬಬೇಡಿ. ಬೆಂಗಳೂರು ಇರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ಅಷ್ಟನ್ನೂ ಇಳಿದು ಬಂದಿರುತ್ತೀರಿ. ವಾಪಸ್ ಬರುವಾಗ ಜನ, ಸಾಮಾನು ಸೇರಿ 1,300 ಕಿಲೋ ತೂಗುವ ಕಾರನ್ನು ಅಷ್ಟು ಮೇಲೆತ್ತಲಿಕ್ಕೇ ಒಂದೂಕಾಲು ಲೀಟರಿನಷ್ಟು ಪೆಟ್ರೋಲ್ ಬೇಕು. ಹೋಗಿಬರುವ ದಾರಿ ಎರಡನ್ನೂ ಸೇರಿಸಿದರೆ ಮಾತ್ರ ಲೆಕ್ಕ ಸರಿ.

ಹೊರಡುವ ಮುಂಚೆ ಆಟೋ ಕಟ್ ಆಗುವವರೆಗೆ (ಟ್ಯಾಂಕ್ ತುಂಬಿ ಬಂಕಿನ ಪೈಪು ತಾನಾಗಿ ನಿಲ್ಲುವವರೆಗೆ) ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಬಂದ ಮೇಲೆ ಅದೇ ಬಂಕಿನಲ್ಲಿ ಮತ್ತೆ ಆಟೋ ಕಟ್‌ವರೆಗೆ ತುಂಬಿಸಿ. ದಾರಿಯಲ್ಲಿ ಹಾಕಿಸಿದ್ದನ್ನೂ ಕೂಡಿಸಿ, ಓಡಿದ ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಚಿಲ್ಲರೆ ಸರಿಮಾಡಲು ಆಟೋ ಕಟ್ ಆದಮೇಲೂ ಹಾಕಿಸಿದರೆ ಲೆಕ್ಕ ಕೆಡುತ್ತದೆ. ಪೆಟ್ರೋಲ್ ಆವಿ ಹಿಡಿಯುವ ಕ್ಯಾನಿಸ್ಟರೂ ಹಾಳಾಗಬಹುದು.

ತಯಾರಿಯಲ್ಲಿ ಮೊದಲು ಟೈರ್. ಗಾಳಿಯನ್ನು ಬೆಳಿಗ್ಗೆ, ಟೈರ್ ತಣ್ಣಗಿರುವಾಗಲೇ ನೋಡಬೇಕು. ಡ್ರೈವರ್ ಬಾಗಿಲಿನ ಕಂಬದ ಸ್ಟಿಕ್ಕರಿನಲ್ಲಿ ತುಂಬಿದ ಕಾರಿಗೆ ಬೇರೆ ಅಂಕಿ ಇದ್ದರೆ ಅದನ್ನೇ ಹಾಕಿಸಿ. ಓಡಿ ಬಿಸಿಯಾದಾಗ 3–4 ಪಿಎಸ್‌ಐ ಏರುವುದು ಸಹಜ, ಆಗ ಗಾಳಿ ಬಿಡಬೇಡಿ. ಆಮೇಲೆ ಜಾಕ್ ಏರಿಸಿ, ಗೇರ್ ನ್ಯೂಟ್ರಲ್ಲಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದೊಂದೇ ಚಕ್ರ ಕೈಯಲ್ಲಿ ತಿರುಗಿಸಿ (ನೆಲದ ಮೇಲಿರುವ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟಿರಬೇಕು). ಬಿಗಿಯಾಗಿ ತಿರುಗುವ ಚಕ್ರದಲ್ಲಿ ಬ್ರೇಕ್ ಹಿಡಿದುಕೊಂಡಿರುತ್ತದೆ. ಬಹುಪಾಲು ಕ್ಯಾಲಿಪರ್ ಪಿನ್ (ಬ್ರೇಕ್ ಹಿಡಿಯುವ ಭಾಗ ಜಾರಾಡುವ ಕಡ್ಡಿ) ಗ್ರೀಸಿಲ್ಲದೆ ಒಣಗಿರುತ್ತದೆ. ಏರ್ ಫಿಲ್ಟರ್ ಬಗ್ಗೆ ಜನ ಹೇಳುವಷ್ಟು ಲಾಭ ಇಂಜೆಕ್ಷನ್ ಕಾರುಗಳಲ್ಲಿ (ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುವ ಕಾರುಗಳಲ್ಲಿ) ಸಿಗದು. ಆದರೆ ಆಯಿಲ್ ಕೈಪಿಡಿಯ ಗ್ರೇಡಿನದ್ದೇ ಇರಲಿ: 5ಡಬ್ಲ್ಯೂ-30 ಕೇಳುವ ಎಂಜಿನ್ನಿಗೆ ಅದಕ್ಕಿಂತ ಮಂದವಾದ 20ಡಬ್ಲ್ಯೂ-50 ಸುರಿದರೆ ಅದನ್ನು ಕಲಕುವುದಕ್ಕೇ ಪೆಟ್ರೋಲ್ ಹೋಗುತ್ತದೆ. ಛಾವಣಿಯ ಮೇಲಿನ ಖಾಲಿ ಕ್ಯಾರಿಯರ್ ಬಿಚ್ಚಿಡಿ.

ನೆಲಮಂಗಲದ ವಾಹನಸಂದಣಿಗೆ ಸಿಗದಂತೆ ನಸುಕಿನಲ್ಲೇ ಹೊರಡಿ. ಕುಣಿಗಲ್ಲಿನಿಂದ ಹಾಸನದವರೆಗೆ ರಸ್ತೆ ಅಗಲ, ಕಾಲು ತಾನಾಗಿ ಒತ್ತುತ್ತದೆ. ಹೆಚ್ಚು ಪೆಟ್ರೋಲ್ ಸೋರುವುದೂ ಇಲ್ಲೇ. 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಶೇ 56ರಷ್ಟು ಹೆಚ್ಚುತ್ತದೆ. ಈ ವೇಗದಲ್ಲಿ ಕಿಟಕಿ ತೆರೆಯುವುದಕ್ಕಿಂತ ಮುಚ್ಚಿ ಎಸಿ ಹಾಕಿಕೊಳ್ಳುವುದು ಲೇಸು.

ಸಕಲೇಶಪುರ ದಾಟಿದ ಮೇಲೆ ಗುಂಡ್ಯದವರೆಗಿನ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಬೇಡಿ. ಅದು ಉಳಿತಾಯವೂ ಅಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ, ಇಂಜೆಕ್ಟರ್ ಪೆಟ್ರೋಲ್ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ಐಡಲ್‌ನಲ್ಲಿ ಕುಡಿಯುತ್ತಲೇ ಇರುತ್ತದೆ, ಇಡೀ ಭಾರ ಬ್ರೇಕಿನ ಮೇಲೆ ಬಿದ್ದು ಅದು ಕಾದು ಹಿಡಿತ ಬಿಡುತ್ತದೆ. ಎಂಜಿನ್ ಆಫ್ ಮಾಡುವುದಂತೂ ಜೀವಕ್ಕೇ ಅಪಾಯ: ಬ್ರೇಕ್ ಬೂಸ್ಟರಿನ ನೆರವು ತಪ್ಪುತ್ತದೆ, ಸ್ಟಿಯರಿಂಗ್ ಕಲ್ಲಾಗುತ್ತದೆ. ಎರಡು ಅಥವಾ ಮೂರನೇ ಗೇರಿನಲ್ಲಿ ಇಳಿಯಿರಿ.

ಹತ್ತುವಾಗ ದೊಡ್ಡ ಗೇರಿನಲ್ಲಿ ಎಂಜಿನ್ ನಡುಗುವಂತೆ ಎಳೆಸಬೇಡಿ, ಒಂದು ಗೇರ್ ಇಳಿಸಿ. ಮುಂದಿನ ಲಾರಿಯ ಬಾಲಕ್ಕೆ ಅಂಟಿಕೊಂಡರೆ ನಿಂತು ಹೊರಡುವುದರಲ್ಲೇ ಪೆಟ್ರೋಲ್ ಹೋಗುತ್ತದೆ. ಜಾಗ ಬಿಟ್ಟು ಒಂದೇ ವೇಗದಲ್ಲಿ ಹತ್ತಿ.

ಮಳೆಗಾಲದಲ್ಲಿ ಗುಡ್ಡ ಕುಸಿದು ಘಾಟಿ ಮುಚ್ಚುವುದುಂಟು. ಹಾಸನದಲ್ಲೇ ವಿಚಾರಿಸಿಕೊಂಡರೆ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಹಿಡಿಯಬಹುದು. ಆ ಸುತ್ತಿಗೆಂದು ಹಾಸನ ಬಿಡುವಾಗ ಅರ್ಧ ಟ್ಯಾಂಕಾದರೂ ಇರಲಿ.